ಮೂರ್ತಿದೃಶ್ಯದ ಮರ್ಮ: ನಂಜನಗೂಡು, ತಿರುಮಕೂಡಲು ನರಸೀಪುರ ಪರಿಸರದ ಒಂದು ವಿವೇಚನೆ

ಕಥೆಯನ್ನು ಮಾತಿನಲ್ಲಿ ಹೇಳುವುದು ಒಂದು ಬಗೆ. ಅದನ್ನು ಕಣ್ಣೆದುರು ನಿಲ್ಲಿಸುವುದು ಇನ್ನೊಂದು ಬಗೆ. ಮಾತಿಗೆ ಕಾಲದ ಅನುಕೂಲವುಂಟು. ಅಲ್ಲಿ ಸಂಗತಿಗಳು ಒಂದರ ಹಿಂದೊಂದು ಬಂದು ಹೋಗುತ್ತವೆ. ಮೂರ್ತಿಗೆ ಆ ಸೌಕರ್ಯವಿಲ್ಲ. ಅದು ಒಂದೇ ಕ್ಷಣದಲ್ಲಿ ನಿಂತು ಇಡೀ ಕಥೆಯ ಭಾರವನ್ನು ಹೊರಬೇಕಾಗುತ್ತದೆ. ಜರ್ಮನ್ ವಿಮರ್ಶಕನಾದ ಲೆಸ್ಸಿಂಗನು 1766ರಲ್ಲಿ ಪ್ರಕಟಿಸಿದ ‘ಲಾವೊಕೂನ್’ ಎಂಬ ಗ್ರಂಥದಲ್ಲಿ ಈ ಭೇದವನ್ನೇ ವಿವೇಚಿಸಿ, ಶಿಲ್ಪಿಯು ಆರಿಸಿಕೊಳ್ಳುವ ಕ್ಷಣವು ಹಿಂದಿನದನ್ನೂ ಮುಂದಿನದನ್ನೂ ತನ್ನ ಒಡಲಲ್ಲಿ ಧರಿಸಿಕೊಂಡಿರಬೇಕೆಂದು ವಾದಿಸಿದನು. ಈ ಮಾತು ಗ್ರೀಕ್ ಶಿಲ್ಪಕ್ಕೆ ಎಷ್ಟು ಸಲ್ಲುವುದೋ ಕಪಿಲಾ ಕಾವೇರಿಗಳ ದಡದ ಶಿಲ್ಪಕ್ಕೂ ಅಷ್ಟೇ ಸಲ್ಲುತ್ತದೆ.

ಇಂದು ಪ್ರದರ್ಶನಗಳಲ್ಲಿಯೂ ವಸ್ತುಸಂಗ್ರಹಾಲಯಗಳಲ್ಲಿಯೂ ‘ಡಯೋರಮಾ’ ಎಂಬ ಹೆಸರಿನಿಂದ ಪರಿಚಿತವಾಗಿರುವ ದೃಶ್ಯಮಾದರಿಗಳ ಸ್ವರೂಪವನ್ನು ಅರಿಯಲು ಈ ತತ್ತ್ವ ನೆರವಾಗುತ್ತದೆ. ಆ ಹೆಸರು 1822ರಲ್ಲಿ ಪ್ಯಾರಿಸ್ ನಗರದಲ್ಲಿ ಡಾಗೇರ್ ಮತ್ತು ಬೂಟಾನ್ ಎಂಬಿಬ್ಬರು ಏರ್ಪಡಿಸಿದ ಪ್ರದರ್ಶನದಿಂದ ಬಂದುದು. ಕತ್ತಲೆಯ ಕೋಣೆಯಲ್ಲಿ ಪ್ರೇಕ್ಷಕರನ್ನು ಕೂರಿಸಿ, ಬೃಹತ್ ತೆರೆಯ ಚಿತ್ರದ ಮೇಲೆ ಬೆಳಕನ್ನು ಬದಲಿಸುತ್ತ ಹೊತ್ತು ಏರಿ ಇಳಿಯುವ ಭ್ರಮೆಯನ್ನು ಅವರು ಹುಟ್ಟಿಸುತ್ತಿದ್ದರು. ಹಿಂಬದಿಯಲ್ಲಿ ಚಿತ್ರ, ಮುಂಬದಿಯಲ್ಲಿ ನೆಲ, ನಡುವೆ ಮೂರ್ತಿಗಳು ಇರುವ ದೃಶ್ಯಕ್ಕೆ ಆ ಹೆಸರು ಸಂದದ್ದು ಅನಂತರ. ಮೈಸೂರಿನಲ್ಲಿ ಕಾರಂಜಿ ಕೆರೆಯ ದಂಡೆಯ ಮೇಲೆ 1995ರಲ್ಲಿ ಆರಂಭವಾದ ಪ್ರಾಕೃತಿಕ ಇತಿಹಾಸದ ವಸ್ತುಸಂಗ್ರಹಾಲಯದಲ್ಲಿ ಕಾಡು ಮತ್ತು ಪ್ರಾಣಿಗಳನ್ನು ಈ ವಿಧಾನದಲ್ಲಿಯೇ ತೋರಿಸಲಾಗಿದೆ.

ಹೆಸರು ಹೊರಗಿನದಾದರೂ ಇಂತಹ ರಚನೆ ಈ ನಾಡಿಗೆ ಅಪರಿಚಿತವಲ್ಲ. ಮೈಸೂರು ಸೀಮೆಯ ಮನೆಗಳಲ್ಲಿ ನವರಾತ್ರಿಯ ಕಾಲಕ್ಕೆ ಪಟ್ಟದ ಬೊಂಬೆಗಳನ್ನು ಮೇಲಿನ ಮೆಟ್ಟಿಲಲ್ಲಿ ಕೂರಿಸಿ, ಅದರ ಕೆಳಗೆ ದೇವತೆಗಳನ್ನೂ, ಮದುವೆಯ ದಿಬ್ಬಣವನ್ನೂ, ದವಸದ ಅಂಗಡಿಯ ಶೆಟ್ಟಿಯನ್ನೂ ಜೋಡಿಸುವುದು ವಾಡಿಕೆ. ಪಕ್ಕದಲ್ಲಿ ಮಣ್ಣು ಹರಡಿ ರಾಗಿ ಚೆಲ್ಲಿದರೆ ಕೆಲವೇ ದಿನಗಳಲ್ಲಿ ಅದು ಹಸುರು ಹೊಲವಾಗುತ್ತದೆ. ಒಂದು ಕನ್ನಡಿಯ ಚೂರು ಕೆರೆಯಾಗುತ್ತದೆ. ಅರಮನೆಯ ಬೊಂಬೆ ತೊಟ್ಟಿಯಿಂದ ಹಿಡಿದು ನಂಜನಗೂಡಿನ ಸಾಮಾನ್ಯ ಮನೆಯ ನಡುಮನೆಯವರೆಗೆ ಈ ಸಂಪ್ರದಾಯ ಒಂದೇ. ಆದರೆ ಇಲ್ಲಿ ಎಲ್ಲಕ್ಕೂ ಒಂದೇ ಅಳತೆಯೆಂಬ ನಿಯಮವಿಲ್ಲ. ಆನೆಗಿಂತ ಶೆಟ್ಟಿ ದೊಡ್ಡವನಾಗಿರಬಹುದು, ಬೆಟ್ಟಕ್ಕಿಂತ ಹಸು ಎತ್ತರವಾಗಿರಬಹುದು. ನೋಡುವ ಮಗುವಿಗೆ ಅದರಿಂದ ಬಾಧೆಯಿಲ್ಲ. ಏಕೆಂದರೆ ಬೊಂಬೆಯ ಜೋಡಣೆ ಯಥಾರ್ಥವನ್ನು ನಕಲು ಮಾಡಲು ಹೊರಟುದಲ್ಲ, ಸಮೃದ್ಧಿಯನ್ನು ಎಣಿಸಿ ತೋರಿಸಲು ಹೊರಟುದು.

ಕಥೆಯನ್ನು ಸಣ್ಣ ಮೂರ್ತಿಗಳಲ್ಲಿ ಹೇಳುವ ಕೌಶಲದ ಪರಾಕಾಷ್ಠೆಯನ್ನು ಕಾಣಬೇಕಾದರೆ ತಿರುಮಕೂಡಲು ನರಸೀಪುರ ತಾಲ್ಲೂಕಿನ ಸೋಮನಾಥಪುರಕ್ಕೆ ಹೋಗಬೇಕು. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕನಾದ ಸೋಮನಾಥನು 1258ರಲ್ಲಿ ಕಟ್ಟಿಸಿದ ಕೇಶವ ದೇವಾಲಯ 2023ರಲ್ಲಿ ಬೇಲೂರು, ಹಳೇಬೀಡುಗಳೊಡನೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಪ್ರವಾಸಿಗಳ ಕಣ್ಣು ಸಾಮಾನ್ಯವಾಗಿ ಮಲ್ಲಿತಮ್ಮ ಮೊದಲಾದ ರೂವಾರಿಗಳು ಹೆಸರು ಕೊರೆದಿರುವ ದೊಡ್ಡ ವಿಗ್ರಹಗಳ ಮೇಲೆ ನಿಲ್ಲುತ್ತದೆ. ಕಥನದ ಸ್ವಾರಸ್ಯವಿರುವುದು ಮಾತ್ರ ಅವುಗಳ ಕೆಳಗಿನ ಕಿರುಪಟ್ಟಿಕೆಗಳಲ್ಲಿ. ಆನೆ, ಕುದುರೆ, ಬಳ್ಳಿಗಳ ಸಾಲುಗಳ ಮೇಲೆ ರಾಮಾಯಣ, ಭಾಗವತ, ಮಹಾಭಾರತಗಳ ಪ್ರಸಂಗಗಳು ಪ್ರದಕ್ಷಿಣೆಯ ಕ್ರಮದಲ್ಲಿ ಹರಿದುಹೋಗುತ್ತವೆ. ಒಬ್ಬನೇ ನಾಯಕ ಪಟ್ಟಿಕೆಯಲ್ಲಿ ಮತ್ತೆ ಮತ್ತೆ ಬರುತ್ತಾನೆ. ಜಗತಿಯ ಮೇಲೆ ನಡೆಯುವವನ ಹೆಜ್ಜೆಯೇ ಇಲ್ಲಿ ಕಥೆಯ ಕಾಲ. ಅವನು ನಿಂತರೆ ಕಥೆ ನಿಲ್ಲುತ್ತದೆ, ನಡೆದರೆ ಮುಂದುವರಿಯುತ್ತದೆ. ಡಾಗೇರನ ಕೋಣೆಯಲ್ಲಿ ಪ್ರೇಕ್ಷಕ ಕುಳಿತಿರುತ್ತಾನೆ, ದೃಶ್ಯ ಬದಲಾಗುತ್ತದೆ. ಸೋಮನಾಥಪುರದಲ್ಲಿ ದೃಶ್ಯ ನಿಂತಿರುತ್ತದೆ, ಪ್ರೇಕ್ಷಕ ಚಲಿಸುತ್ತಾನೆ.

ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದಲ್ಲಿ ಮೂರನೆಯದೊಂದು ಮಾರ್ಗವಿದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಈ ಆಲಯ ಬಹುವಾಗಿ ವಿಸ್ತಾರಗೊಂಡಿತು. ಅವರ ರಾಣಿ ದೇವಾಜಮ್ಮಣ್ಣಿಯವರು 1845ರಲ್ಲಿ ಕಟ್ಟಿಸಿದ, ಸುಮಾರು 120 ಅಡಿ ಎತ್ತರದ ಮಹಾದ್ವಾರದ ಗೋಪುರ ಗಾರೆಯ ಮೂರ್ತಿಗಳಿಂದ ತುಂಬಿದೆ. ಒಳಗೆ ಶಿವನ ಪಂಚವಿಂಶತಿ ಲೀಲೆಗಳ ಮೂರ್ತಿಗಳೂ ಪುರಾತನರ ಸಾಲೂ ಇವೆ. ಲೀಲಾಮೂರ್ತಿಯು ಲೆಸ್ಸಿಂಗನು ಬಯಸಿದ ಕ್ಷಣದ ಮೂರ್ತಿ. ಊರಿಗೆ ಹೆಸರು ಕೊಟ್ಟ ನಂಜುಂಡನ ಕಥೆಯನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಹಾಲಾಹಲ ಹೊಮ್ಮಿ ದೇವತೆಗಳು ಓಡುವ ಕ್ಷಣವನ್ನು ಆರಿಸಿದರೆ ಭಯ ಮಾತ್ರ ಕಾಣುತ್ತದೆ. ಕೊರಳು ನೀಲಿಯಾದ ಮೇಲಿನ ಕ್ಷಣವನ್ನು ಆರಿಸಿದರೆ ಫಲ ಮಾತ್ರ ಕಾಣುತ್ತದೆ. ವಿಷ ಅಂಗೈಯಲ್ಲಿದ್ದು ಇನ್ನೂ ತುಟಿಯನ್ನು ಮುಟ್ಟದ ಕ್ಷಣದಲ್ಲಿ ಲೋಕದ ಸಂಕಟವೂ ದೇವರ ಕರುಣೆಯೂ ಒಟ್ಟಿಗೆ ನಿಲ್ಲುತ್ತವೆ. ವಿಷಾಪಹರಣದ ಕಲ್ಪನೆಗೆ ಬಲ ಬರುವುದು ಈ ಕಾರಣದಿಂದ.

ಪುರಾತನರ ಸಾಲಿನ ರೀತಿ ಬೇರೆ. ಅರವತ್ತಮೂವರ ಚರಿತೆ ಹನ್ನೆರಡನೆಯ ಶತಮಾನದಲ್ಲಿ ತಮಿಳಿನ ಶೇಕ್ಕಿಳಾರನ ‘ಪೆರಿಯ ಪುರಾಣ’ದಲ್ಲಿ ಸಮಗ್ರರೂಪ ಪಡೆಯಿತು, ಕನ್ನಡದಲ್ಲಿ ಹರಿಹರನು ಅವರಲ್ಲಿ ಹಲವರನ್ನು ರಗಳೆಗಳಲ್ಲಿ ಹಾಡಿದನು, ಮುಂದೆ ಸುರಂಗ ಕವಿ ಚಂಪೂ ರೂಪದಲ್ಲಿ ನಿರೂಪಿಸಿದನು. ಹರಿಹರನ ಕಣ್ಣಪ್ಪನು ಓಡುತ್ತಾನೆ, ಬೇಟೆಯಾಡುತ್ತಾನೆ, ಲಿಂಗದ ಕಣ್ಣಿನಿಂದ ರಕ್ತ ಸುರಿದುದನ್ನು ಕಂಡು ತಲ್ಲಣಿಸುತ್ತಾನೆ. ದೇವಾಲಯದ ಸಾಲಿನಲ್ಲಿ ಆ ತಲ್ಲಣವಿಲ್ಲ. ಬೇಡನೂ ಕುಂಬಾರನೂ ಅರಸನೂ ಒಂದೇ ನಿಲುವಿನಲ್ಲಿ ನಿಲ್ಲುತ್ತಾರೆ. ಅವರವರ ಕಥೆಗೆ ಕೀಲಿಕೈಯೆಂದರೆ ಹೆಸರು ಮಾತ್ರ. ಇದು ಶಿಲ್ಪಿಯ ಅಸಾಮರ್ಥ್ಯವಲ್ಲ. ಕಥೆಯನ್ನು ಭಕ್ತನು ಮನೆಯಲ್ಲಿ, ಮಠದಲ್ಲಿ, ಪುರಾಣ ಪ್ರವಚನದಲ್ಲಿ ಮೊದಲೇ ಕೇಳಿ ಬಂದಿರುತ್ತಾನೆ ಎಂಬ ನಂಬುಗೆ ಇದರ ಹಿಂದಿದೆ. ಮೂರ್ತಿ ನೆನಪನ್ನು ಎಬ್ಬಿಸಿದರೆ ಸಾಕು, ಉಳಿದುದನ್ನು ಮನಸ್ಸು ನಡೆಸುತ್ತದೆ.

ಪ್ರಶ್ನೆ ಏಳುವುದು ಆ ನಂಬುಗೆ ಸಡಿಲವಾದಾಗ. ಪುರಾಣವನ್ನು ಕೇಳದೆ ಬೆಳೆದವನು ಆ ಸಾಲಿನ ಮುಂದೆ ನಿಂತರೆ ಅವನಿಗೆ ಕಾಣುವುದು ಒಂದೇ ಬಗೆಯ ಅರವತ್ತು ಕಲ್ಲುಗಳು. ಅಂಥವನಿಗೆ ಕಥೆಯನ್ನು ಬಿಡಿಸಿ ತೋರಿಸುವ ದೃಶ್ಯ ಬೇಕಾಗುತ್ತದೆ. ಜಾತ್ರೆಗಳಲ್ಲಿ, ದಸರೆಯ ಸ್ತಬ್ಧಚಿತ್ರಗಳಲ್ಲಿ, ಶಾಲೆಯ ಪ್ರದರ್ಶನಗಳಲ್ಲಿ ಶರಣರ ಬದುಕಿನ ಮಾದರಿಗಳು ಹೆಚ್ಚುತ್ತಿರುವುದಕ್ಕೆ ಕಾರಣ ಇದೇ ಆಗಿದೆ. ಆದುದರಿಂದ ಇವನ್ನು ಬೊಂಬೆಯಾಟವೆಂದು ತಳ್ಳಿಹಾಕುವುದು ಸರಿಯಲ್ಲ. ಆದರೆ ಕೇಳಿದ ಕಥೆಯ ಸ್ಥಾನದಲ್ಲಿ ಕಂಡ ದೃಶ್ಯವೇ ನಿಂತಾಗ, ದೃಶ್ಯದಲ್ಲಿನ ತಪ್ಪು ಕಥೆಯ ತಪ್ಪಾಗಿ ಉಳಿದುಬಿಡುತ್ತದೆ. ಮಾದರಿಯನ್ನು ಮಾಡುವವನ ಹೊಣೆ ಹಿಂದಿಗಿಂತ ಈಗ ಹೆಚ್ಚಿನದು.

ಈ ಹೊಣೆಯ ಮೊದಲ ಅಂಗ ಬಣ್ಣ. 1:32ರ ಪ್ರಮಾಣದಲ್ಲಿ ಐದೂವರೆ ಅಡಿಯ ಮನುಷ್ಯ ಸುಮಾರು ಎರಡು ಅಂಗುಲವಾಗುತ್ತಾನೆ. ಆಕಾರವನ್ನು ಕುಗ್ಗಿಸಿದಂತೆ ಬೆಳಕನ್ನು ಕುಗ್ಗಿಸಲಾಗದು. ದೊಡ್ಡ ದೇಹದ ಮಡಿಕೆಗಳಲ್ಲಿ ತಾನಾಗಿ ಬೀಳುವ ನೆರಳು ಎರಡಂಗುಲದ ಮೂರ್ತಿಯಲ್ಲಿ ಬೀಳುವುದಿಲ್ಲ. ಅದಕ್ಕಾಗಿ ಕುಶಲಿಗಳು ಮಡಿಕೆಯ ತಗ್ಗಿಗೆ ತೆಳುವಾದ ಕಡುಬಣ್ಣವನ್ನು ಹರಿಸಿ, ಉಬ್ಬಿಗೆ ತಿಳಿಬಣ್ಣವನ್ನು ಸವರಿ, ಇಲ್ಲದ ನೆರಳನ್ನು ಕುಂಚದಿಂದ ತರುತ್ತಾರೆ. ಗೋಪುರದ ಗಾರೆಯ ಮೂರ್ತಿಗಳ ಸಮಸ್ಯೆ ಇದಕ್ಕೆ ವಿರುದ್ಧವಾದುದು. ಅವನ್ನು ನೂರು ಅಡಿ ಕೆಳಗಿನಿಂದ, ಬಿಸಿಲಿನಲ್ಲಿ ನೋಡಬೇಕು. ಅಲ್ಲಿ ಗಾಢವಾದ ಬಣ್ಣವೂ ಉಬ್ಬಿದ ಕಣ್ಣೂ ಸಹಜ. ಗೋಪುರದ ಬಣ್ಣವನ್ನೇ ಕೈಯಳತೆಯ ಮಾದರಿಗೆ ಹಚ್ಚಿದಾಗ ಶರಣರ ಮುಖ ನಾಟಕದ ವೇಷವಾಗುತ್ತದೆ. ಸುಣ್ಣ, ಮರಳು, ಬೆಲ್ಲದ ನೀರು, ಅಳಲೆಕಾಯಿಯ ಕಷಾಯಗಳಿಂದ ಹದಗೊಳಿಸಿದ ಹಳೆಯ ಗಾರೆಯ ಮೇಲೆ ದಪ್ಪನೆಯ ಎಣ್ಣೆ ಬಣ್ಣವನ್ನು ಪದರ ಪದರವಾಗಿ ಬಳಿದರೂ ಹಾನಿಯೇ. ತುಟಿಯ ಅಂಚು, ಬೆರಳಿನ ಸಂದು ಮುಚ್ಚಿಹೋಗಿ, ಶಿಲ್ಪಿ ತಿದ್ದಿದ ಭಾವ ಅಳಿಯುತ್ತದೆ.

ಎರಡನೆಯದು ಅಳತೆ. ನಮ್ಮ ಶಿಲ್ಪಶಾಸ್ತ್ರದ ತಾಲಮಾನದಲ್ಲಿ ಮುಖದ ಉದ್ದ ಒಂದು ತಾಲ, ಅದರ ಹನ್ನೆರಡನೆಯ ಒಂದು ಪಾಲು ಅಂಗುಲ. ಉತ್ತಮ ದೇವತೆಗಳಿಗೆ ದಶತಾಲ, ಮನುಷ್ಯರಿಗೆ ಅಷ್ಟತಾಲ ಎಂಬಂತೆ ಅಂತಸ್ತಿಗೆ ತಕ್ಕ ಅಳತೆ. ದೇವರ ಪಾದದ ಬಳಿ ಭಕ್ತ ಕಿರಿದಾಗಿ ನಿಲ್ಲುವುದೂ ಇದೇ ದೃಷ್ಟಿಯಿಂದ. ಪ್ರಮಾಣಬದ್ಧ ಮಾದರಿಯಲ್ಲಿ ಅಂತಸ್ತಿಗೆ ಅಳತೆಯಿಲ್ಲ. ಅರಸನಿಗೂ ಆಳಿಗೂ ಒಂದೇ ಕೋಲು. ಹೊರನಾಡಿನ ಹವ್ಯಾಸವೆಂದು ತೋರುವ ಈ ನಿಯಮ ಶರಣರ ದೃಶ್ಯಕ್ಕೆ ತಾಲಮಾನಕ್ಕಿಂತ ಹೆಚ್ಚು ಒಪ್ಪುವುದು ಗಮನಾರ್ಹ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರೂ ದೋಣಿ ನಡೆಸುವ ಚೌಡಯ್ಯನವರೂ ಒಂದೇ ಅಳತೆಯಲ್ಲಿ ನಿಂತಾಗ ಆ ಕಾಲದ ಆಶಯ ಮಾತಿಲ್ಲದೆ ವ್ಯಕ್ತವಾಗುತ್ತದೆ. ಒಬ್ಬರನ್ನು ಹಿರಿದಾಗಿಸಿ ಉಳಿದವರನ್ನು ಕಿರಿದಾಗಿಸಿದ ಮಾದರಿ ಎಷ್ಟು ಅಂದವಾಗಿದ್ದರೂ ವಚನಗಳ ವಿರುದ್ಧ ಸಾಕ್ಷಿ ಹೇಳುತ್ತದೆ.

ಮೂರನೆಯದು ವಸ್ತುವಿನ ಆಯ್ಕೆ. ಅನುಭವ ಮಂಟಪದ ಸಭೆ ಕಲಾವಿದರಿಗೆ ಪ್ರಿಯವಾದ ವಸ್ತು. 2020ರ ಗಣರಾಜ್ಯೋತ್ಸವದಲ್ಲಿ ದೆಹಲಿಯ ರಾಜಪಥದಲ್ಲಿ ಸಾಗಿದ ಕರ್ನಾಟಕದ ಸ್ತಬ್ಧಚಿತ್ರವೂ ಅದೇ. ದೇಶಕ್ಕೆ ಆ ಸಭೆಯನ್ನು ಪರಿಚಯಿಸಿದ ದೃಷ್ಟಿಯಿಂದ ಅಂತಹ ರಚನೆಗಳು ಉಪಯುಕ್ತ. ಆದರೆ ಸಭೆಯ ಜೀವ ಸಂವಾದದಲ್ಲಿದೆ, ಸಂವಾದಕ್ಕೆ ಆಕಾರವಿಲ್ಲ. ಎತ್ತರದ ಪೀಠ, ಅದರ ಕೆಳಗೆ ಸಾಲಾಗಿ ಕುಳಿತ ಕೇಳುಗರು ಎಂಬ ವಿನ್ಯಾಸ ರಾಜಸಭೆಯಿಂದ ಎರವಲು ಬಂದುದು. ಅಲ್ಲಮಪ್ರಭುದೇವರ ಪೀಠಕ್ಕೆ ಶೂನ್ಯ ಸಿಂಹಾಸನವೆಂಬ ಹೆಸರಿದೆ. ಅದನ್ನು ಚಿನ್ನದ ಬಣ್ಣದ ಸಿಂಹಗಳಿಂದ ಅಲಂಕರಿಸಿದರೆ ಸಿಂಹಾಸನ ಉಳಿಯುತ್ತದೆ, ಶೂನ್ಯ ಉಳಿಯುವುದಿಲ್ಲ.

ಶರಣರನ್ನು ಮೂರ್ತಿಯಲ್ಲಿ ತೋರಿಸಲು ಸಭೆಗಿಂತ ಕಾಯಕ ಹೆಚ್ಚು ತಕ್ಕುದು. ಏಕೆಂದರೆ ಕೈಯ ಕೆಲಸಕ್ಕೆ ಆಕಾರವುಂಟು. ಶಿಗ್ಗಾಂವಿಯ ಬಳಿಯ ಗೊಟಗೋಡಿಯಲ್ಲಿ ಕಲಾವಿದ ಟಿ. ಬಿ. ಸೊಲಬಕ್ಕನವರ ಅವರು ನಿರ್ಮಿಸಿದ ಉತ್ಸವ್ ರಾಕ್ ಗಾರ್ಡನ್ನಿನಲ್ಲಿಯೂ, ಕೊಲ್ಲಾಪುರದ ಬಳಿಯ ಕಣೇರಿಯ ಸಿದ್ಧಗಿರಿ ಮಠದ ಗ್ರಾಮಜೀವನ ಸಂಗ್ರಹಾಲಯದಲ್ಲಿಯೂ ಇದಕ್ಕೆ ನಿದರ್ಶನ ದೊರೆಯುತ್ತದೆ. ಅಲ್ಲಿಯ ಸಿಮೆಂಟಿನ ಮೂರ್ತಿಗಳು ಆಳೆತ್ತರದವು, ಕಿರುಮಾದರಿಗಳಲ್ಲ. ಆದರೂ ಅಲ್ಲಿ ಮನಸ್ಸನ್ನು ಹಿಡಿಯುವುದು ದುಡಿಮೆಯ ಭಂಗಿ, ಅಲಂಕಾರವಲ್ಲ.

ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗ ಇಂತಹ ಕಿರುದೃಶ್ಯಕ್ಕೆ ಅತ್ಯಂತ ಯೋಗ್ಯವಾದ ವಸ್ತುವಾಗಿದೆ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ತಂದರು, ಲಕ್ಕಮ್ಮನವರು ಒಪ್ಪಲಿಲ್ಲ, ಹೆಚ್ಚಿನ ಅಕ್ಕಿ ಮರಳಿ ಅಂಗಳಕ್ಕೆ ಹೋಯಿತು. ಇಲ್ಲಿ ದೊಡ್ಡ ಮಂಟಪ ಬೇಡ, ಕಿರೀಟ ಬೇಡ. ಒಂದು ಗುಡಿಸಲು, ಬಾಗಿಲಲ್ಲಿ ನಿಂತ ಗಂಡ, ಅವನ ಉಡಿಯಲ್ಲಿ ಅಕ್ಕಿ, ಒಳಗೆ ಒಲೆಯ ಮೇಲೆ ಚಿಕ್ಕ ಗಡಿಗೆ. ಗಡಿಗೆಗಿಂತ ಉಡಿ ದೊಡ್ಡದಾಗಿ ಕಾಣಬೇಕು. ಕಥೆಯೆಲ್ಲ ಆ ಎರಡು ಅಳತೆಗಳ ನಡುವಿನ ಅಂತರದಲ್ಲಿದೆ. ಆರಿಸಬೇಕಾದ ಕ್ಷಣ ಅಕ್ಕಿಯನ್ನು ಸುರಿದು ಬಂದುದಲ್ಲ. ಲಕ್ಕಮ್ಮನವರ ಕಣ್ಣು ಆ ಉಡಿಯ ಮೇಲೆ ಬಿದ್ದು, ಮಾತು ಇನ್ನೂ ಹೊರಡದ ಕ್ಷಣ. ಮುಂದೆ ಏನು ನಡೆಯಿತೆಂದು ನೋಡುವವನು ಕೇಳಬೇಕು. ಕೇಳಿದವನಿಗೆ ಬಲ್ಲವರು ಹೇಳಬೇಕು.

ದೃಶ್ಯಮಾದರಿಯ ಸಾರ್ಥಕತೆಯನ್ನು ಅಳೆಯಲು ಈ ಪ್ರಶ್ನೆಗಿಂತ ಬೇರೆ ಒರೆಗಲ್ಲು ಬೇಕಿಲ್ಲ. ಸೋಮನಾಥಪುರದ ಪಟ್ಟಿಕೆ ನೋಡುಗನನ್ನು ಮುಂದಕ್ಕೆ ನಡೆಸುತ್ತದೆ. ನಂಜನಗೂಡಿನ ಪುರಾತನರ ಸಾಲು ಅವನ ನೆನಪಿಗೆ ಕೆಲಸ ಕೊಡುತ್ತದೆ. ಎಲ್ಲವನ್ನೂ ತಾನೇ ತೋರಿಸಿ ಮುಗಿಸುವ ಮಾದರಿ ಈ ಎರಡನ್ನೂ ಮಾಡಲಾರದು. ಅದರ ಮುಂದೆ ನಿಂತವನು ಕೌಶಲವನ್ನು ಹೊಗಳಿ ಹೊರಟುಹೋಗುತ್ತಾನೆ. ಮಾದರಿಯನ್ನು ರಚಿಸುವವರು ರಗಳೆಯನ್ನೂ ವಚನವನ್ನೂ ಓದಿದವರಾಗಿ, ಓದಿದವರು ಅದರ ಪಕ್ಕದಲ್ಲಿ ನಿಂತು ಕಥೆ ಹೇಳುವವರಾಗಿ ಕೂಡಿದಲ್ಲಿ ಮಣ್ಣಿನ ಎರಡಂಗುಲದ ಮೂರ್ತಿಯೂ ಒಂದು ಪ್ರವಚನದ ಕೆಲಸವನ್ನು ಮಾಡಬಲ್ಲುದು.