ಗಗನನೌಕೆಗೆ ಲಗ್ಗೆ

ವೈಜ್ಞಾನಿಕ ಕಥಾಲೋಕದ ರೋಲ್‌ಪ್ಲೇ ಆಟಗಳಲ್ಲಿ ಗಗನನೌಕೆಯನ್ನು ವಶಪಡಿಸಿಕೊಳ್ಳುವ ಪ್ರಸಂಗ ಮೇಲಿಂದ ಮೇಲೆ ಬರುತ್ತದೆ. ಮೇಜಿನ ಸುತ್ತ ಕುಳಿತ ನಾಲ್ಕೈದು ಮಂದಿ ಒಂದೊಂದು ಪಾತ್ರ ವಹಿಸುತ್ತಾರೆ. ರೆಫರಿ ವಿವರಿಸಿದ ಸನ್ನಿವೇಶದಲ್ಲಿ ತಮ್ಮ ಪಾತ್ರ ಏನು ಮಾಡುತ್ತದೆಂದು ಹೇಳುತ್ತಾರೆ, ಫಲ ಅನಿಶ್ಚಿತವಾದಲ್ಲಿ ದಾಳ ಉರುಳಿಸುತ್ತಾರೆ. ನೌಕೆಯ ವಶ ಎಂದರೆ ಒಳನುಗ್ಗುವುದು, ಎದುರಾಳಿಗಳನ್ನು ಅಡಗಿಸುವುದು, ಚಾಲನಾ ಕೊಠಡಿ ಸೇರುವುದು ಎಂದಷ್ಟೇ ಹೆಚ್ಚಿನ ಆಟಗಾರರು ತಿಳಿದಿರುತ್ತಾರೆ. ಹಿಡಿದ ನೌಕೆ ಹೇಳಿದ ಮಾತು ಕೇಳುವಂತೆ ಮಾಡುವುದು ಅದಕ್ಕಿಂತ ಕಷ್ಟದ ಕೆಲಸ. ಒಂದು ಆಟ ಎಷ್ಟು ಚೆನ್ನಾಗಿದೆ ಎಂಬುದು ಗೊತ್ತಾಗುವುದು ಅಲ್ಲಿಯೇ.

ಒಳನುಗ್ಗುವುದು ಎಷ್ಟು ಕಷ್ಟವೆಂಬುದನ್ನು ನಮ್ಮ ಕೋಟೆಗಳೇ ತೋರಿಸುತ್ತವೆ. ಶಿರಾ ತಾಲ್ಲೂಕಿನ ಪಟ್ಟನಾಯಕನಹಳ್ಳಿಯ ಸುತ್ತಲ ಸೀಮೆ ಕೋಟೆಗಳ ಸೀಮೆ. ಶಿರಾದ್ದು ಕಂದಕವಿರುವ ನೆಲದ ಕೋಟೆ. ಮಧುಗಿರಿ, ಪಾವಗಡಗಳದು ಗಿರಿದುರ್ಗ. ಮಧುಗಿರಿಯ ಕಡಿದಾದ ಬಂಡೆ ಹತ್ತುವವರು ಅಂತರಾಳದ ಬಾಗಿಲು, ದಿಡ್ಡಿಬಾಗಿಲು, ಮೈಸೂರು ಬಾಗಿಲುಗಳನ್ನು ದಾಟಬೇಕು. ಇಂಥ ಕಡೆ ಸೈನ್ಯ ದೊಡ್ಡದಿದ್ದು ಪ್ರಯೋಜನವಿಲ್ಲ, ಒಮ್ಮೆಗೆ ಕೆಲವರಷ್ಟೇ ಮುಂದೆ ಹೋಗಬಲ್ಲರು. ಪಕ್ಕದ ಚಿತ್ರದುರ್ಗದ ಒನಕೆ ಓಬವ್ವನ ಕಿಂಡಿಯ ಕಥೆ ಹೇಳುವುದೂ ಇದನ್ನೇ. ನೌಕೆಯನ್ನು ಹೊಕ್ಕುವ ಎರಡು ಬಾಗಿಲಿನ ಕೋಣೆಯಾದ ಏರ್‌ಲಾಕ್ ಅಂಥ ಕಿಂಡಿ. ಒಳಬಾಗಿಲು ತೆರೆದ ಕ್ಷಣದಲ್ಲಿ ನುಗ್ಗುವವರು ಸಾಲಾಗಿ ಗುರಿಗೆ ಸಿಕ್ಕುತ್ತಾರೆ, ಕಾಯುವವರಿಗೆ ಒಬ್ಬ ಗುರಿಕಾರ ಸಾಕು. ಆ ಚಿತ್ರದುರ್ಗವೂ 1779ರಲ್ಲಿ ಹೈದರಾಲಿಯ ಕೈಸೇರಿತು. ಅದನ್ನು ಆಳುತ್ತಿದ್ದ ಮದಕರಿ ನಾಯಕನ ಪಡೆಯ ಒಂದು ಭಾಗ ಅತ್ತ ವಾಲಿದ್ದು ಅದಕ್ಕೆ ಮುಖ್ಯ ಕಾರಣವೆಂದು ಚರಿತ್ರಕಾರರು ಗುರುತಿಸುತ್ತಾರೆ. ಗೋಡೆ ಒಡೆಯುವುದಕ್ಕಿಂತ ಒಳಗಿನವರನ್ನು ಒಲಿಸಿಕೊಳ್ಳುವುದು ಸುಲಭವೆಂಬುದನ್ನು ಆಟಗಳು ಕಲಿಯಲು ಬಹಳ ಕಾಲ ಹಿಡಿಯಿತು.

ಜೇಮ್ಸ್ ವಾರ್ಡ್ 1976ರಲ್ಲಿ ರಚಿಸಿದ ‘ಮೆಟಮಾರ್ಫೊಸಿಸ್ ಆಲ್ಫಾ’ ಇಡಿಯಾಗಿ ಒಂದೇ ನೌಕೆಯೊಳಗೆ ನಡೆಯುತ್ತದೆ. ‘ವಾರ್ಡನ್’ ಎಂಬ ಆ ಭಾರೀ ನೌಕೆಯಲ್ಲಿ ದುರಂತವಾಗಿ ತಲೆಮಾರುಗಳೇ ಕಳೆದಿವೆ, ತಾವಿರುವುದು ನೌಕೆಯಲ್ಲಿ ಎಂಬುದನ್ನೇ ಅಲ್ಲಿನವರು ಮರೆತಿದ್ದಾರೆ. ಬಾಗಿಲು, ಯಂತ್ರಗಳು ಮಣಿಯುವುದು ಹಳೆಯ ಸಿಬ್ಬಂದಿಯ ಬಣ್ಣದ ಗುರುತುಪಟ್ಟಿಗಳಿಗೆ. ಬಲಕ್ಕಿಂತ ಅರಿವು ಮೊದಲು ಎಂಬ ಈ ಕಲ್ಪನೆ ಅದ್ಭುತ. ಆದರೆ ರೂಪಾಂತರಗೊಂಡ ಪ್ರಾಣಿಗಳೊಡನೆ ಕಾದಾಡುವುದರಲ್ಲೇ ಆಟದ ಹೊತ್ತು ಹೆಚ್ಚಾಗಿ ಕಳೆಯುತ್ತದೆ.

ಅದರ ಮರುವರ್ಷ ಬಂದ ಮಾರ್ಕ್ ಮಿಲ್ಲರ್ ಅವರ ‘ಟ್ರಾವೆಲರ್’ ಈ ವಿಷಯವನ್ನು ಎಲ್ಲಕ್ಕಿಂತ ಗಂಭೀರವಾಗಿ ಹಿಡಿದ ಕೃತಿ. ಅದರ 200 ಟನ್ನಿನ ವ್ಯಾಪಾರಿ ನೌಕೆಗೆ ಪೈಲಟ್, ಇಂಜಿನಿಯರ್, ವೈದ್ಯ, ಪ್ರಯಾಣಿಕರನ್ನು ನೋಡಿಕೊಳ್ಳುವ ಪರಿಚಾರಕ ಎಂದು ನಾಲ್ವರು ಬೇಕು. ಅಪಹರಿಸುವವರು ಸಾಮಾನ್ಯವಾಗಿ ಟಿಕೆಟ್ ಕೊಂಡ ಪ್ರಯಾಣಿಕರಾಗಿಯೇ ಹತ್ತುತ್ತಾರೆ. ಅವರಲ್ಲಿ ಇಂಜಿನ್ ಬಲ್ಲವರಿಲ್ಲದಿದ್ದರೆ ಇಂಜಿನಿಯರನ್ನು ಕೊಲ್ಲುವಂತಿಲ್ಲ. ನಿಯಮವೊಂದನ್ನೂ ಬರೆಯದೆ, ಸಿಬ್ಬಂದಿಯ ಪಟ್ಟಿಯೊಂದರಿಂದಲೇ ಆಟ ಕೊಲೆಗೆ ಕಡಿವಾಣ ಹಾಕುತ್ತದೆ. ನಕ್ಷತ್ರದಿಂದ ನಕ್ಷತ್ರಕ್ಕೆ ಹಾರುವ ‘ಜಂಪ್’ ಸುಮಾರು ಒಂದು ವಾರದ್ದು. ಆ ವಾರ ಹೊರಗಿನಿಂದ ಸಹಾಯ ಬರುವಂತಿಲ್ಲ, ಒಳಗಿನವರು ಓಡುವಂತೆಯೂ ಇಲ್ಲ. ಹಾರುವ ಮೊದಲೇ ಲಗ್ಗೆ ಹಾಕಿದರೆ ಬಂದರಿನ ಕಾವಲು ಬೆನ್ನಟ್ಟುತ್ತದೆ, ಹಾರಿದ ಮೇಲೆ ಹಾಕಿದರೆ ಒತ್ತೆಯಾಳುಗಳೊಡನೆ ಏಳು ದಿನ ನಿದ್ದೆಗೆಟ್ಟು ಕೂರಬೇಕು. ಸಮಯದ ಆಯ್ಕೆಯೇ ಇಲ್ಲಿ ದೊಡ್ಡ ತಂತ್ರ.

ಅದಕ್ಕಿಂತ ಜಾಣ ಕಲ್ಪನೆ ನೌಕೆಯ ಕಂಪ್ಯೂಟರಿನ ಅಪಹರಣ ನಿರೋಧಕ ಪ್ರೋಗ್ರಾಮು. ನೌಕೆಯೊಳಗಿನ ಪರಿಸ್ಥಿತಿಯನ್ನು ಅದು ಸದಾ ಗಮನಿಸುತ್ತಿರುತ್ತದೆ. ಅಪಾಯ ಕಂಡೊಡನೆ ಚಾಲನಾ ಕೊಠಡಿಯ ಬಾಗಿಲು, ನಿಯಂತ್ರಣಗಳಿಗೆ ಬೀಗ ಬೀಳುತ್ತದೆ. ಆದರೆ ಅದನ್ನು ಮೋಸಗೊಳಿಸಬಹುದು, ಬೆದರಿದ ಕ್ಯಾಪ್ಟನ್ ತಾನೇ ತೆಗೆಯಲೂಬಹುದು. ಬೀಗ ಪೂರ್ತಿ ಭದ್ರವಾಗಿದ್ದರೆ ಆಟ ಅಲ್ಲಿಗೇ ನಿಲ್ಲುತ್ತಿತ್ತು. ಭದ್ರವಲ್ಲದ್ದರಿಂದ ಮಾತು, ಬೆದರಿಕೆ, ಸುಳ್ಳು, ಹಳೆಯ ಸ್ನೇಹ ಎಲ್ಲಕ್ಕೂ ಬೆಲೆ ಬರುತ್ತದೆ. ಕ್ಯಾಪ್ಟನ್ ಪಾತ್ರ ವಹಿಸಿದವರು ಯಾರನ್ನು ಉಳಿಸಲು ಬೀಗ ತೆಗೆಯುತ್ತಾರೆ ಎಂಬುದನ್ನು ಯಾವ ದಾಳವೂ ಹೇಳಲಾರದು.

1979ರಲ್ಲಿ ‘ಟ್ರಾವೆಲರ್’ ಬಳಗದಿಂದಲೇ ಬಂದ ‘ಸ್ನ್ಯಾಪ್‌ಶಾಟ್’ ನೌಕೆಯೊಳಗಿನ ಕಾದಾಟಕ್ಕೇ ಮೀಸಲು. ಕೊಠಡಿ, ಓಣಿಗಳ ನಕ್ಷೆಯನ್ನು ಒಂದೂವರೆ ಮೀಟರಿನ ಚೌಕಗಳಾಗಿ ಗೀರಿ, ಪ್ರತಿ ಪಾತ್ರದ ತಾಳಿಕೆ ಮತ್ತು ಚುರುಕುತನ ಕೂಡಿಸಿದಷ್ಟು ಅಂಕ ಕೊಡುತ್ತದೆ. ನಡೆಯುವುದು, ತಿರುಗುವುದು, ಗುಂಡು ಹಾರಿಸುವುದು ಎಲ್ಲಕ್ಕೂ ಅಂಕ ಖರ್ಚು. ಮೂಲೆಯ ಹಿಂದೆ ಅಡಗಿ ಕಾಯುವುದರ ಲಾಭ ಇದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಆದರೆ ಅರೆ ನಿಮಿಷದ ಗುಂಡಿನ ಕಾಳಗ ಇಡೀ ಸಂಜೆಯನ್ನು ನುಂಗಿ, ಪಾತ್ರಗಳು ಮಾತು ನಿಲ್ಲಿಸಿ ಪಗಡೆಯ ಕಾಯಿಗಳಾಗುತ್ತವೆ. ತಂತ್ರದ ಪಾಠವಾಗಿ ಇದು ಉತ್ತಮ, ಕಥೆಯಾಗಿ ಒಣಕಲು.

ಆಟಗಾರರಿಗೆ ತೀರಾ ಪ್ರಿಯವಾದ ಇನ್ನೊಂದು ತಂತ್ರ ಗಾಳಿಯನ್ನು ಹೊರಬಿಡುವುದು. ಇಂಜಿನ್ ಕೊಠಡಿ ಹಿಡಿದು, ಉಳಿದ ಭಾಗಗಳನ್ನು ನಿರ್ವಾತ ಮಾಡಿದರೆ ಪ್ರತಿರೋಧ ಮುಗಿಯಿತು ಎಂಬ ಲೆಕ್ಕ. ಗಿರಿದುರ್ಗದ ದೊಣೆಯ ನೀರು ಕೆಡಿಸಿದಷ್ಟೇ ಕ್ರೂರವಾದ ಈ ದಾರಿ ಯಶಸ್ವಿಯಾದಾಗ ಒತ್ತೆಯಾಳುಗಳೂ ಸಾಯುತ್ತಾರೆ, ನೌಕೆ ನಡೆಸಬಲ್ಲವರೂ ಸಾಯುತ್ತಾರೆ. ಇದಕ್ಕೆ ಸುಲಭವಾಗಿ ಒಪ್ಪುವ ರೆಫರಿ ಆಟಕ್ಕೆ ಅನ್ಯಾಯ ಮಾಡುತ್ತಾರೆ. ಒತ್ತಡ ಇಳಿದೊಡನೆ ತಾನಾಗಿ ಮುಚ್ಚುವ ಬಾಗಿಲುಗಳು, ಗೋಡೆಗೆ ತೂಗಿದ ರಕ್ಷಣಾ ಉಡುಪುಗಳು ಯಾವ ವಿವೇಕದ ನೌಕೆಯಲ್ಲೂ ಇರಬೇಕಾದವೇ.

ನಿಜವಾದ ನೌಕೆಗಳ ಕಡೆ ನೋಡಿದರೆ ಇಂಥ ಹೆಚ್ಚಿನ ಆಟಗಳಲ್ಲಿ ಒಂದು ಕೊರತೆ ಎದ್ದು ಕಾಣುತ್ತದೆ. ಚಂದ್ರಯಾನ-3ನ್ನು ನಡೆಸಿದ್ದು ಬೆಂಗಳೂರಿನ ಇಸ್ಟ್ರಾಕ್ ಕೇಂದ್ರದಿಂದ, ಬ್ಯಾಲಾಳುವಿನ 32 ಮೀಟರ್ ಆಂಟೆನಾದಂಥ ಸಾಧನಗಳ ಮೂಲಕ. 2023ರ ಆಗಸ್ಟ್ 23ರಂದು ಇಳಿಯುವ ಕೊನೆಯ ನಿಮಿಷಗಳಲ್ಲಿ ನಿರ್ಧಾರವೆಲ್ಲ ಲ್ಯಾಂಡರಿನ ಪ್ರೋಗ್ರಾಮಿನದು, ನೆಲದ ಮೇಲಿನವರು ಕೇವಲ ನೋಡುತ್ತಿದ್ದರು. ಹಿಡಿತ ಎಂಬುದು ಹೀಗೆ ಭೂಮಿಗೂ ಪ್ರೋಗ್ರಾಮಿಗೂ ಹಂಚಿಹೋಗಿರುವಾಗ, ಚಾಲನಾ ಕೊಠಡಿಯ ಕುರ್ಚಿ ಹಿಡಿದವರೇ ಒಡೆಯರೆಂಬ ಊಹೆ ಕಡಲುಗಳ್ಳರ ಕಾಲದ್ದಾಗಿ ಕಾಣುತ್ತದೆ. ನಕ್ಷತ್ರಗಳ ನಡುವೆ ಸಂದೇಶವೂ ನೌಕೆಯಷ್ಟೇ ವೇಗದಲ್ಲಿ ಹೋಗುತ್ತದೆ, ಹಾಗಾಗಿ ದೂರದಿಂದ ನೌಕೆಯನ್ನು ನಡೆಸಲಾಗದು ಎಂಬ ನಿಯಮದಿಂದ ‘ಟ್ರಾವೆಲರ್’ ಈ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಬಗೆಹರಿಸಿಕೊಂಡಿದೆ. ಉಳಿದ ಹಲವು ಆಟಗಳು ಅದನ್ನು ಎದುರಿಸುವುದೇ ಇಲ್ಲ.

ಒಳಗಿನವರ ದ್ರೋಹವನ್ನು ಆಟದ ನಡುಮನೆಗೆ ತಂದದ್ದು ಸ್ವೀಡನ್ನಿನ ಫ್ರೀ ಲೀಗ್ 2019ರಲ್ಲಿ ಪ್ರಕಟಿಸಿದ ‘ಏಲಿಯನ್’. ಇದರಲ್ಲಿ ಪ್ರತಿ ಪಾತ್ರಕ್ಕೂ ಗುಟ್ಟಾದ ಒಂದು ಉದ್ದೇಶವಿದ್ದು, ನಾಟಕದಂತೆ ಕಥೆಯ ಅಂಕದಿಂದ ಅಂಕಕ್ಕೆ ಅದು ಬದಲಾಗುತ್ತದೆ. ನೌಕೆ ಉಳಿಯಲಿ ಎನ್ನುವವರ ಪಕ್ಕದಲ್ಲೇ ಕಂಪನಿಯ ಸರಕು ಉಳಿದರೆ ಸಾಕೆನ್ನುವವರು ಕುಳಿತಿರುತ್ತಾರೆ. ಏರ್‌ಲಾಕ್ ಒಡೆಯದೆ, ಒಂದು ಗುಂಡೂ ಹಾರದೆ ನೌಕೆ ಕೈಬದಲಾಗುವುದು ಇಲ್ಲಿ ಸಾಧ್ಯ. ಆದರೆ ಇದು ಹೊಂದುವುದು ಒಂದೆರಡು ಸಂಜೆಗಳಲ್ಲಿ ಮುಗಿಯುವ ಕಥೆಗೆ. ತಿಂಗಳುಗಟ್ಟಲೆ ನಡೆಯುವ ಆಟದಲ್ಲಿ ಒಮ್ಮೆ ದ್ರೋಹ ಬಗೆದ ಪಾತ್ರದೊಡನೆ ಉಳಿದವರು ಮತ್ತೆ ಅದೇ ನೌಕೆ ಹತ್ತಲು ಒಪ್ಪುವುದು ಕಷ್ಟ. ಅಂಥ ದೀರ್ಘ ಆಟಕ್ಕೆ ‘ಟ್ರಾವೆಲರ್’ನ ಸಿಬ್ಬಂದಿ ಪಟ್ಟಿ, ಒಂದು ವಾರದ ಜಂಪ್, ಮೋಸಹೋಗಬಲ್ಲ ಬೀಗ ಇವೇ ಈಗಲೂ ಹೆಚ್ಚು ಗಟ್ಟಿ.