ಒಂದೇ ಕೆನ್ನೆಯ ಗಾಯ

ವಿಡಿಯೊ ಗೇಮಿನ ಪಾತ್ರಕ್ಕೆ ಎಷ್ಟೋ ಸಲ ಅರ್ಧ ಮೈಗಷ್ಟೇ ಬಣ್ಣ ಬರೆಯುತ್ತಾರೆ. ಇನ್ನರ್ಧ ಅದರದೇ ಕನ್ನಡಿ ಪ್ರತಿ. ಎರಡೂ ಮಗ್ಗುಲು ಟೆಕ್ಸ್ಚರಿನ, ಅಂದರೆ ಮೈಗೆ ಹೊದಿಸುವ ಬಣ್ಣದ ಚಿತ್ರದ, ಒಂದೇ ಜಾಗವನ್ನು ಹಂಚಿಕೊಳ್ಳುವುದರಿಂದ ಮೆಮೊರಿ ಉಳಿಯುತ್ತದೆ. ಆದರೆ ಎಡಗೆನ್ನೆಗೆ ಬರೆದ ಗಾಯ ಬಲಕ್ಕೂ ಮೂಡುತ್ತದೆ. ಎಡತೋಳಿನ ‘ಅಮ್ಮ’ ಎಂಬ ಹಚ್ಚೆ ಬಲತೋಳಲ್ಲಿ ತಿರುಗುಮುರುಗಾಗುತ್ತದೆ.

ಜಾಣ ಕಲಾವಿದರು ಇದನ್ನು ತಪ್ಪಿಸಲು ಇಡೀ ಮೈಯ ಎರಡೂ ಮಗ್ಗುಲಿಗೆ ಬೇರೆ ಬೇರೆ ಜಾಗ ಕೊಡುವುದಿಲ್ಲ. ಆಕಾರವನ್ನು ಚಪ್ಪಟೆಯಾಗಿ ಬಿಡಿಸಿಟ್ಟ ಯುವಿ ನಕ್ಷೆಯಲ್ಲಿ, ಗಾಯ ಬೀಳುವ ಕೆಲವೇ ಪಾಲಿಗನ್‌ಗಳನ್ನು (ಮೈ ಕಟ್ಟಿದ ಪುಟ್ಟ ತುಣುಕುಗಳನ್ನು) ಕತ್ತರಿಸಿ, ಖಾಲಿ ಮೂಲೆಗೆ ಸರಿಸಿ, ಅಲ್ಲಿ ಬೇರೆಯೇ ಬಣ್ಣ ಹಚ್ಚುತ್ತಾರೆ. ಕತ್ತರಿಸಿದ ಅಂಚಿನಲ್ಲಿ ಚರ್ಮದ ಬಣ್ಣ ಕೂದಲೆಳೆಯಷ್ಟೂ ತಪ್ಪದಂತೆ ಬೆಸೆಯುವುದೇ ಈ ಕಸುಬಿನ ಸೊಗಸು.

ಸಣ್ಣ ಹಚ್ಚೆಗಾದರೆ ಚರ್ಮದ ಮೇಲೆ ತೇಲುವ ತೆಳು ಪದರ ಸಾಕು. ಎಡ ಭುಜದ ಸೆರಗು ಮಾತ್ರ ಬಣ್ಣಕ್ಕೆ ಬಗ್ಗದು. ಅದರ ಆಕಾರವನ್ನೇ ಬೇರೆಯಾಗಿ ಕಟ್ಟಬೇಕು.