ಎಸ್ಪ್ರೆಸೊ ಪಂಪಿಗೆ ಲಗಾಮು: ಒಂದು ಮಾರ್ಪಾಡಿನ ವಿಮರ್ಶೆ

ನಮ್ಮ ಫಿಲ್ಟರಿನಲ್ಲಿ ಡಿಕಾಕ್ಷನ್ ತನ್ನ ಭಾರಕ್ಕೆ ತಾನೇ ತೊಟ್ಟಿಕ್ಕುತ್ತದೆ. ಎಸ್ಪ್ರೆಸೊ ಹಾಗಲ್ಲ. ಅಲ್ಲಿ ಬಿಸಿನೀರನ್ನು ಸುಮಾರು 9 ಬಾರ್ ಒತ್ತಡದಲ್ಲಿ ಕಾಫಿ ಪುಡಿಯ ಬಿಲ್ಲೆಯ ಮೂಲಕ ನೂಕಬೇಕು. 58 ಮಿ.ಮೀ. ವ್ಯಾಸದ ಬಿಲ್ಲೆಯ ಮೇಲೆ ಇದು ಸುಮಾರು 240 ಕಿ.ಗ್ರಾಂ. ಭಾರ ಹೇರಿದಂತೆ! ಆದರೂ ಅಗ್ಗದ ಮನೆಬಳಕೆಯ ಯಂತ್ರಗಳಲ್ಲಿ ಪಂಪಿನ ಮೇಲೆ ನಿಮಗಿರುವ ಹಿಡಿತವೆಂದರೆ ಒಂದು ಗುಂಡಿ ಮಾತ್ರ. ಈ ಕೊರತೆ ನೀಗಲು ಇಟಲಿ ಮೂಲದ ‘ಗಾಜಿಯಾ ಕ್ಲಾಸಿಕ್’ ಯಂತ್ರಕ್ಕೆ ಹವ್ಯಾಸಿಗಳು ರೂಪಿಸಿರುವ ಮಾರ್ಪಾಡೇ ‘ಗಾಜಿಯುಯಿನೊ’.

ಇದರ ತತ್ತ್ವ ಸರಳ. ಯಂತ್ರದ ಕಂಪಕ ಪಂಪಿನಲ್ಲಿ ವಿದ್ಯುತ್ ಸುರುಳಿಯೊಳಗಿನ ಕೊಂತವು 50 ಹರ್ಟ್ಸ್ ವಿದ್ಯುತ್ತಿಗೆ ಸೆಕೆಂಡಿಗೆ 50 ಬಾರಿ ನೀರನ್ನು ತಳ್ಳುತ್ತದೆ. ಒತ್ತಡ ಸಂವೇದಕದ ಸೂಚನೆಯಂತೆ ಮೈಕ್ರೋಕಂಟ್ರೋಲರ್ ಕೆಲವು ಮಿಡಿತಗಳನ್ನು ತಪ್ಪಿಸಿ ಪಂಪನ್ನು ನಿಧಾನಗೊಳಿಸುತ್ತದೆ. ಹೀಗೆ ಮೊದಲು ಪುಡಿಯನ್ನು ಮೃದುವಾಗಿ ನೆನೆಸಿ, ನಂತರ ಒತ್ತಡ ಏರಿಸಿ, ಕೊನೆಯಲ್ಲಿ ಇಳಿಸಬಹುದು.

ಇದು ತೀರ ಹೊಸದೇನಲ್ಲ. 1940ರ ದಶಕದ ಕೊನೆಯಲ್ಲಿ ಅಕಿಲೆ ಗಾಜಿಯಾ ತಂದ ಸನ್ನೆಯ ಯಂತ್ರಗಳಲ್ಲಿ ಸ್ಪ್ರಿಂಗ್ ಸಡಿಲಗೊಂಡಂತೆ ಒತ್ತಡ ತಾನಾಗಿಯೇ ಇಳಿಯುತ್ತಿತ್ತು. 1961ರಲ್ಲಿ ಬಂದ ಫಾಯೆಮಾ ಇ61 ಯಂತ್ರದ ವಿದ್ಯುತ್ ಪಂಪು ಒತ್ತಡವನ್ನು ಒಂದೇ ಮಟ್ಟದಲ್ಲಿ ನಿಲ್ಲಿಸಿತು. ಹಳೆಯ ಸನ್ನೆಯ ಗುಣವನ್ನು ಅಗ್ಗದ ಯಂತ್ರಕ್ಕೆ ಮರಳಿ ತಂದದ್ದು ಈ ಮಾರ್ಪಾಡಿನ ನಿಜವಾದ ಸಾಧನೆ.

ಆದರೆ ಪರದೆಯ ಮೇಲೆ ಒತ್ತಡ, ಹರಿವು ಎರಡನ್ನೂ ಕಂಡು ಎರಡೂ ನಿಮ್ಮ ಕೈಯಲ್ಲಿವೆ ಎಂದು ಭಾವಿಸಬೇಡಿ. ಮರಳಿನ ಮೂಲಕ ನೀರು ಹರಿಯುವ ನಿಯಮವನ್ನು ಹೆನ್ರಿ ಡಾರ್ಸಿ 1856ರಲ್ಲೇ ತಿಳಿಸಿದ್ದಾನೆ: ಹರಿವು ಒತ್ತಡವನ್ನು ಮಾತ್ರವಲ್ಲ, ಪದರದ ತಡೆಯನ್ನೂ ಅವಲಂಬಿಸಿದೆ. ಒಂದನ್ನು ನೀವು ನಿಗದಿಪಡಿಸಿದರೆ ಇನ್ನೊಂದನ್ನು ನಿರ್ಧರಿಸುವುದು ಕಾಫಿ ಬಿಲ್ಲೆ. ಜೊತೆಗೆ, ಇಲ್ಲಿ ಹರಿವನ್ನು ನೇರವಾಗಿ ಅಳೆಯುವುದಿಲ್ಲ. ಪಂಪಿನ ಮಿಡಿತ ಮತ್ತು ಒತ್ತಡದಿಂದ ಲೆಕ್ಕ ಹಾಕಲಾಗುತ್ತದೆ. ಒಣಪುಡಿ ಹೀರುವ ನೀರೂ ಅದರಲ್ಲಿ ಸೇರಿರುವುದರಿಂದ, ಲೋಟಕ್ಕೆ ಬಿದ್ದದ್ದೆಷ್ಟು ಎಂದು ತಿಳಿಯಲು ಅದರಡಿ ತಕ್ಕಡಿಯೇ ಬೇಕು.

ಬೀಸುವಿಕೆಯ ದೋಷವನ್ನೂ ಪಂಪು ಸರಿಪಡಿಸಲಾರದು. ಪುಡಿ ಅತಿ ನುಣ್ಣಗಾದರೆ ನೀರು ಅಸಮವಾಗಿ ಹರಿಯುತ್ತದೆ. ತುಸು ತರಿಯಾದ, ಕಡಿಮೆ ಪುಡಿಯಿಂದ ಪ್ರತಿ ಬಾರಿಯೂ ಹೆಚ್ಚು ಏಕರೂಪದ ಪಾನೀಯ ಸಿಗುತ್ತದೆ ಎಂದು 2020ರಲ್ಲಿ ‘ಮ್ಯಾಟರ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ತೋರಿಸಿತು. ಬಿಲ್ಲೆಯಲ್ಲಿ ಬಿರುಕು ಬಿಟ್ಟರೆ ಸಂವೇದಕಕ್ಕೆ ಒತ್ತಡ ಕುಸಿದದ್ದು ತಿಳಿದೀತು, ಎಲ್ಲಿ ಬಿರುಕು ಬಿಟ್ಟಿತೆಂದು ತಿಳಿಯದು.

ಗಂಭೀರವಾದ ಆಕ್ಷೇಪಣೆ ಸುರಕ್ಷತೆಯದು. ಈ ಮಾರ್ಪಾಡು ಬಾಯ್ಲರಿನ ಥರ್ಮೋಸ್ಟಾಟ್ ಕೆಲಸವನ್ನೂ ಘನಸ್ಥಿತಿ ರಿಲೇಗೆ ವಹಿಸುತ್ತದೆ. ಇಂಥ ರಿಲೇ ಕೆಟ್ಟಾಗ ಸಾಮಾನ್ಯವಾಗಿ ಚಾಲೂ ಸ್ಥಿತಿಯಲ್ಲೇ ಉಳಿಯುತ್ತದೆ. ಆಗ ಬಾಯ್ಲರ್ ಕಾಯುತ್ತಲೇ ಹೋಗುವುದನ್ನು ತಡೆಯುವುದು ಉಷ್ಣ ಫ್ಯೂಸ್ ಒಂದೇ. ಅದನ್ನು ಯಾವ ಕಾರಣಕ್ಕೂ ತೆಗೆಯಬಾರದು. 230 ವೋಲ್ಟ್ ವಿದ್ಯುತ್ತು ಮತ್ತು ನೀರು ಒಂದೇ ಡಬ್ಬಿಯಲ್ಲಿವೆ ಎಂಬುದನ್ನು ಮರೆಯದಿರಿ, ಭೂಸಂಪರ್ಕವಿಲ್ಲದೆ ಕೈಹಾಕಬೇಡಿ.

ಹಾಗಾದರೆ ಇದು ಬೇಡವೆ? ಬೇಕು, ಆದರೆ ಕೊನೆಯಲ್ಲಿ. ಮೊದಲು ಒಳ್ಳೆಯ ಬೀಸುವ ಯಂತ್ರ, ನಂತರ ಒತ್ತಡ ಮಿತಿಯ ಕವಾಟಕ್ಕೆ 9 ಬಾರಿನ ಸ್ಪ್ರಿಂಗ್. ಇವೆರಡರಿಂದಲೇ ಹೆಚ್ಚಿನ ದೋಷ ನೀಗುತ್ತದೆ. ಆಮೇಲೂ ಕುತೂಹಲ ಉಳಿದವರಿಗೆ ಗಾಜಿಯುಯಿನೊ ಅಡುಗೆಮನೆಯಲ್ಲೊಂದು ಉತ್ತಮ ಪ್ರಯೋಗಶಾಲೆ.